ಪ್ರ: ‘ಸೆಕ್ಸ್ ಅಂಡ್ ದ ಸಿಟಿ’ ಮುಗಿಸಿ ‘ಅಂಡ್ ಜಸ್ಟ್ ಲೈಕ್ ದಟ್’ ಶುರು ಮಾಡಿದೆ; ಕ್ಯಾರಿಗೆ ಮದುವೆಯಾಗಿದೆ, ಸಮಾಂತಾ ಇಲ್ಲ. ಕಂತುಗಳು ತಪ್ಪಿವೆಯೇ?
ಕಂತುಗಳು ತಪ್ಪಿಲ್ಲ, ಬಹುಶಃ ನಡುವಿನ ಸಿನಿಮಾಗಳನ್ನು ನೀವು ನೋಡಿಲ್ಲ. ಕ್ಯಾರಿ, ಸಮಾಂತಾ, ಮಿರಾಂಡಾ, ಶಾರ್ಲೆಟ್ ಎಂಬ ನಾಲ್ವರು ಗೆಳತಿಯರ ಮೂಲ ಧಾರಾವಾಹಿ ‘ಸೆಕ್ಸ್ ಅಂಡ್ ದ ಸಿಟಿ’ 2004ರಲ್ಲಿ ಮುಗಿದ ಮೇಲೆ ಕಥೆ 2008 ಮತ್ತು 2010ರ ಎರಡು ಸಿನಿಮಾಗಳಲ್ಲಿ ಮುಂದುವರಿದು, 2021ರಲ್ಲಿ ಹೊಸ ಸರಣಿಯಾಗಿ ಮರಳಿತು.

ಹೊಸ ಸರಣಿಯನ್ನು ಇಲ್ಲಿಗೇ ನಿಲ್ಲಿಸಿ, ಮೊದಲು 2008ರ ಸಿನಿಮಾ ನೋಡಿ. ಕ್ಯಾರಿ ಮತ್ತು ಆಕೆಯ ಪ್ರಿಯಕರ ಬಿಗ್ ಅವರ ಮದುವೆ, ಮಿರಾಂಡಾಳ ದಾಂಪತ್ಯದ ಬಿರುಕು, ಶಾರ್ಲೆಟ್‌ಳ ಎರಡನೆಯ ಮಗಳು ರೋಸ್ ಹುಟ್ಟುವುದು ಎಲ್ಲವೂ ಅದರಲ್ಲೇ ಇರುವುದರಿಂದ ಇದನ್ನು ಬಿಡುವಂತಿಲ್ಲ. ಮೊದಲು ಗೊತ್ತಾಗಿದ್ದ ಮದುವೆ ಮುರಿದು ಕುಸಿದಿದ್ದ ಕ್ಯಾರಿಗೆ ಸಮಾಂತಾ ಚಮಚದಲ್ಲಿ ತುತ್ತು ತಿನ್ನಿಸುವ ದೃಶ್ಯವನ್ನು ಗಮನವಿಟ್ಟು ನೋಡಿ. ಆ ಸ್ನೇಹದ ಆಳ ತಿಳಿಯದೆ ಮುಂದಿನ ಅಗಲಿಕೆ ನಿಮ್ಮನ್ನು ತಟ್ಟುವುದಿಲ್ಲ. ಅಬುಧಾಬಿ ಪ್ರವಾಸದ ಎರಡನೆಯ ಸಿನಿಮಾ ನನ್ನ ಮಟ್ಟಿಗೆ ದುರ್ಬಲ, ಅದನ್ನು ಬಿಟ್ಟರೂ ಕಥೆಯ ಎಳೆ ತಪ್ಪದು.

ಆಮೇಲೆ ಹೊಸ ಸರಣಿಯನ್ನು ಮೊದಲ ಕಂತಿನಿಂದಲೇ ಮತ್ತೆ ನೋಡಿ. ಸಮಾಂತಾ ಸತ್ತಿಲ್ಲ: ಕ್ಯಾರಿ ತನ್ನ ಪುಸ್ತಕಗಳ ಪ್ರಚಾರದ ಕೆಲಸದಿಂದ ಆಕೆಯನ್ನು ಬಿಡಿಸಿದ್ದರಿಂದ ನೊಂದು, ಸ್ನೇಹವನ್ನೂ ಕಡಿದುಕೊಂಡು ಲಂಡನ್‌ಗೆ ಹೋಗಿದ್ದಾಳೆಂದು ಅಲ್ಲಿ ಮಾತಿನ ನಡುವೆಯೇ ಹೇಳಿಬಿಡುತ್ತಾರೆ. ಆ ಸಂಭಾಷಣೆಯ ಹೊತ್ತಿಗೆ ಸಬ್‌ಟೈಟಲ್ ಹಾಕಿಕೊಳ್ಳಿ.