ತಲೆ ನನ್ನದು, ದಂಡ ಯಾಕೆ?

ನೀವು ಕೇಳಿರುವುದು ಇಷ್ಟು: ಹೆಲ್ಮೆಟ್ ಹಾಕದೆ ಬಿದ್ದರೆ ಒಡೆಯುವುದು ನನ್ನ ತಲೆ, ಪಕ್ಕದವರದ್ದಲ್ಲ. ಮನೆಯಲ್ಲಿ ಕೂತು ಸಿಗರೇಟು ಸೇದಿ ಶ್ವಾಸಕೋಶ ಸುಟ್ಟುಕೊಳ್ಳುವವರಿಗೆ ಯಾರೂ ರಸೀದಿ ಹರಿಯುವುದಿಲ್ಲ, ನನಗೆ ಮಾತ್ರ ಸಿಗ್ನಲ್‌ನಲ್ಲಿ 500 ರೂಪಾಯಿ ಯಾಕೆ?

ಇದು ಉಡಾಫೆಯ ಪ್ರಶ್ನೆ ಅಂತ ನನಗೆ ಅನ್ನಿಸಲಿಲ್ಲ. ಸರ್ಕಾರ ನಮ್ಮ ಒಳ್ಳೆಯದಕ್ಕೇ ಅಂತ ಹೇಳಿ ಏನನ್ನಾದರೂ ಹೇರಿದಾಗ 'ಯಾಕೆ' ಎಂದು ಕೇಳುವವರು ಇರಲೇಬೇಕು. ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ತಲೆಗೆ ಪೆಟ್ಟಾಗಿ, ಆಪರೇಷನ್ ಮುಗಿಸಿ, ಬದುಕಿ ಮನೆಗೆ ಬಂದವರ ಜೊತೆ ನನ್ನ ಕೆಲಸ. ನನ್ನ ಉತ್ತರವೂ ಅಲ್ಲಿಂದಲೇ ಬರುತ್ತದೆ. ಆದರೆ ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ.

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಗಾಡಿ ಓಡಿಸುವವರೂ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಬೇಕು, ಪಟ್ಟಿಯನ್ನೂ ಬಿಗಿಯಬೇಕು. 2019ರ ತಿದ್ದುಪಡಿಯಲ್ಲಿ ದಂಡ 1,000 ರೂಪಾಯಿ ಆಯಿತು, ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡುವ ಮಾತೂ ಸೇರಿತು. ಜನ ರೇಗಿದ ಮೇಲೆ ಕರ್ನಾಟಕ ಅದೇ ವರ್ಷ ದಂಡವನ್ನು 500ಕ್ಕೆ ಇಳಿಸಿತು. ನಿಮ್ಮ ವಾದವನ್ನೇ ಹೆಚ್ಚುಕಡಿಮೆ ಹಿಡಿದುಕೊಂಡು ಒಬ್ಬರು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದರು. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮದಿಂದ ಸಂವಿಧಾನ ಕೊಟ್ಟ ಓಡಾಟದ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ ಎಂಬುದು ಅವರ ವಾದ. 1988ರ ಅಜಯ್ ಕಾನು ಪ್ರಕರಣದಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಹೆಲ್ಮೆಟ್ ಹಾಕಿಕೊಂಡೂ ಎಲ್ಲಿಗೆ ಬೇಕಾದರೂ ಹೋಗಬಹುದು, ನಿಯಮ ಇರುವುದು ಸವಾರನ ಸುರಕ್ಷತೆಗೆ ಎಂಬುದು ಆ ತೀರ್ಪಿನ ಸಾರ.

ಅಮೆರಿಕದಲ್ಲಿ ಈ ಜಗಳ ಇನ್ನೂ ಜೋರು. 1972ರಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ, ಗಾಯಾಳುವನ್ನು ರಸ್ತೆಯಿಂದ ಎತ್ತುವುದು, ಸಾರ್ವಜನಿಕ ಆಸ್ಪತ್ರೆಗೆ ಸೇರಿಸುವುದು, ಕೆಲಸ ಹೋದರೆ ಭತ್ಯೆ ಕೊಡುವುದು ಎಲ್ಲವೂ ಸಮಾಜವೇ ಆಗಿರುವಾಗ ಇದು ನಿನ್ನೊಬ್ಬನ ವಿಷಯ ಹೇಗಾಗುತ್ತದೆ ಎಂದು ಕೇಳಿತ್ತು. ಆದರೂ 1976ರಲ್ಲಿ ಅಲ್ಲಿನ ಸಂಸತ್ತು, ಹೆಲ್ಮೆಟ್ ಕಾನೂನು ಮಾಡಲೇಬೇಕು ಎಂದು ರಾಜ್ಯಗಳ ಮೇಲಿದ್ದ ಒತ್ತಡ ಸಡಿಲಿಸಿದ ಮೇಲೆ ಎಷ್ಟೋ ರಾಜ್ಯಗಳು ಕಾನೂನನ್ನು ಹಿಂತೆಗೆದುಕೊಂಡವು. 2000ದಲ್ಲಿ ಫ್ಲಾರಿಡಾ ಒಂದು ನಡುದಾರಿ ಹುಡುಕಿತು: 21 ವರ್ಷ ದಾಟಿರಬೇಕು, ಕನಿಷ್ಠ 10,000 ಡಾಲರ್‌ನ ವೈದ್ಯಕೀಯ ವಿಮೆ ಇರಬೇಕು, ಹಾಗಿದ್ದರೆ ಬರಿದಲೆಯಲ್ಲಿ ಹೋಗಬಹುದು.

ಈ ಖರ್ಚಿನ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಖರ್ಚನ್ನೇ ಕಾರಣ ಮಾಡಿಕೊಂಡರೆ ನಾಳೆ ಬಜ್ಜಿ ಬೋಂಡಾಕ್ಕೂ ದಂಡ ಹಾಕಬಹುದಲ್ಲ! ಅದೂ ಅಲ್ಲದೆ, ನಮ್ಮಲ್ಲಿ ಬಿದ್ದವರನ್ನು ಎತ್ತುವುದು ಸಮಾಜಕ್ಕಿಂತ ಹೆಚ್ಚಾಗಿ ಮನೆ. ನಾನು ಹೋಗುವ ಮನೆಗಳಲ್ಲಿ ಕಾಣುವುದು ಇದನ್ನೇ. ಒಡವೆ ಅಡ ಇಟ್ಟಿರುತ್ತಾರೆ, ಅಕ್ಕನ ಮದುವೆ ಮುಂದೆ ಹೋಗಿರುತ್ತದೆ, ಅಮ್ಮ ಹೊಲದ ಕೆಲಸ ಬಿಟ್ಟು ಮಗನ ಮಗ್ಗುಲಲ್ಲೇ ಕೂತಿರುತ್ತಾರೆ. ಅವನನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಗಂಜಿ ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಕೂರಿಸಿ ಕುಡಿಸಬೇಕು.

ಕೈಕಾಲಿನ ಬಲ ಎಷ್ಟೋ ಜನರಿಗೆ ನಿಧಾನಕ್ಕೆ ವಾಪಸು ಬರುತ್ತದೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದವರ ಕಷ್ಟ ಬೇರೆ ಥರದ್ದು. ನಡೆಯುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ. ಆದರೆ ಇವತ್ತು ಯಾವ ಅಂಗಿ ಹಾಕಿಕೊಳ್ಳಲಿ ಅಂತ ಸಹ ತೀರ್ಮಾನ ಮಾಡಲು ಆಗುವುದಿಲ್ಲ. ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಹೆಂಡತಿಯ ಮೇಲೆ ಕೈ ಎತ್ತುತ್ತಾರೆ, ಮರುಗಳಿಗೆಗೆ ಅಳುತ್ತಾರೆ. 'ಇವರು ನಮ್ಮ ಯಜಮಾನರಲ್ಲ ಸರ್, ಬೇರೆ ಯಾರೋ' ಎಂಬ ಮಾತನ್ನು ಒಂದಕ್ಕಿಂತ ಹೆಚ್ಚು ಮನೆಯಲ್ಲಿ ಕೇಳಿದ್ದೇನೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲೇ. 'ನನ್ನ ಇಷ್ಟ' ಅನ್ನುತ್ತೀರಲ್ಲ, ಆ ಇಷ್ಟಪಡುವ ಶಕ್ತಿ ಇರುವುದೇ ಆ ಬುರುಡೆಯೊಳಗೆ. ಕೈ ಮುರಿದರೆ ನಿಮ್ಮ ಸ್ವಾತಂತ್ರ್ಯ ಒಂದಿಷ್ಟು ಕುಗ್ಗುತ್ತದೆ. ಮಿದುಳು ಜಜ್ಜಿಹೋದರೆ ಸ್ವಾತಂತ್ರ್ಯವನ್ನು ಅನುಭವಿಸುವ ಮನುಷ್ಯನೇ ಉಳಿಯುವುದಿಲ್ಲ. ನಾನು ಸರ್ಕಾರದ ಪರ ವಕಾಲತ್ತು ಹಾಕುತ್ತಿಲ್ಲ. ಸ್ವಾತಂತ್ರ್ಯದ ಬಗ್ಗೆ ನಿಮ್ಮಷ್ಟೇ ಕಾಳಜಿ ಇರುವುದರಿಂದಲೇ ಈ ಕಾನೂನನ್ನು ಒಪ್ಪುತ್ತೇನೆ.

ಸಿಗರೇಟಿಗೂ ಇದಕ್ಕೂ ಇರುವ ವ್ಯತ್ಯಾಸವೂ ಅದೇ. ಇಪ್ಪತ್ತು ವರ್ಷ ಸೇದಿದವರು ನಾಳೆ ಬೆಳಗ್ಗೆ ಬಿಟ್ಟರೂ ಅಷ್ಟರಮಟ್ಟಿಗೆ ಲಾಭವೇ. ಬಿದ್ದ ಮೇಲೆ ಹೆಲ್ಮೆಟ್ ಹಾಕಿಕೊಳ್ಳುವ ಅವಕಾಶ ಯಾರಿಗೂ ಇಲ್ಲ.

'ಇಲ್ಲೇ ಅಂಗಡಿಗೆ ಹೋಗಿ ಬರುವುದಕ್ಕೂ ಬೇಕಾ' ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ನೋಡಿ. ಗಾಡಿ ಮೇಲೆ ಕೂತಾಗ ನಿಮ್ಮ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಗಾಡಿ ನಿಂತಿದ್ದರೂ ಇಷ್ಟೇ, ಓಡುತ್ತಿದ್ದರೆ ಅದರ ವೇಗ ಬೇರೆ ಸೇರುತ್ತದೆ. ಡಾಂಬರಾಗಲಿ, ಡಿವೈಡರ್‌ನ ಕಲ್ಲಾಗಲಿ ಒಂದಿಷ್ಟೂ ಬಗ್ಗುವುದಿಲ್ಲ. ಹೆಲ್ಮೆಟ್ ಒಳಗಿನ ಥರ್ಮಾಕೋಲ್ ಜಾತಿಯ ಗಟ್ಟಿ ಪದರ ಆ ಹೊತ್ತಿನಲ್ಲಿ ತಾನು ಅಪ್ಪಚ್ಚಿಯಾಗಿ, ತಲೆ ನಿಲ್ಲುವುದಕ್ಕೆ ಇನ್ನೊಂದು ಚೂರು ಸಮಯ ಕೊಡುತ್ತದೆ. ಬುರುಡೆ ಗಕ್ಕನೆ ನಿಂತು ಒಳಗಿನ ಮಿದುಳು ಅದಕ್ಕೆ ಹೋಗಿ ಬಡಿಯುವ ಜೋರು ಅಷ್ಟು ಕಡಿಮೆಯಾಗುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ, ಆದ್ದರಿಂದ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಾಯಿಸಬೇಕು.

ಇದರಿಂದ ಎಷ್ಟು ಉಪಯೋಗ ಅನ್ನುವುದಕ್ಕೆ ಪುರಾವೆ ಗಟ್ಟಿಯಾಗಿದೆ. ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2008ರ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಸಂಸ್ಥೆ) ವಿಮರ್ಶೆಯ ಪ್ರಕಾರ, ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು ಶೇ 42ರಷ್ಟು, ತಲೆಗೆ ಗಾಯವಾಗುವ ಅಪಾಯ ಸುಮಾರು ಶೇ 69ರಷ್ಟು ಕಡಿಮೆಯಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ನೋಡಿದರೆ, ಆ ಒಂದು ವರ್ಷದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅದರಲ್ಲಿ 14,337 ಮಂದಿ ಹಿಂದೆ ಕೂತಿದ್ದವರು.

ಆ ಹಿಂದೆ ಕೂತವರ ಸಂಖ್ಯೆಯ ಬಗ್ಗೆ ಸ್ವಲ್ಪ ಯೋಚಿಸಿ. 2016ರ ಜನವರಿಯಲ್ಲಿ ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದಾಗ ಎಷ್ಟೊಂದು ಗಲಾಟೆ ಆಯಿತು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಗೆಳೆಯರ ಬೈಕಿನ ಹಿಂದೆ ಕೂತು ಹೋಗುವಾಗಲೇ ಬಿದ್ದು ತಲೆಗೆ ಪೆಟ್ಟಾಗಿದ್ದು. ಇಬ್ಬರೂ ಹೆಲ್ಮೆಟ್ ಹಾಕಿರಲಿಲ್ಲ ಎಂದು ಆಗ ವರದಿಯಾಗಿತ್ತು. ಮಿದುಳು ಸತ್ತಿದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯವರು ಅಂಗಾಂಗ ದಾನ ಮಾಡಿದರು. ಅಂಥ ಕಲಾವಿದರನ್ನು ಕಳೆದುಕೊಂಡ ನೋವು ನನಗೆ ಇನ್ನೂ ಹೋಗಿಲ್ಲ. 'ತಲೆ ನನ್ನದು' ಅನ್ನುವ ನಿಮ್ಮ ಮಾತು ನಿಮಗೆ ಸರಿ ಅಂತಲೇ ಇಟ್ಟುಕೊಳ್ಳೋಣ. ಹ್ಯಾಂಡಲ್ ಹಿಡಿದವರು ನೀವಾಗಿ, ಹಿಂದೆ ಸೀರೆ ಸೆರಗು ಹಿಡಿದುಕೊಂಡು ಒಂದು ಪಕ್ಕಕ್ಕೆ ಕೂತವರು ನಿಮ್ಮ ತಾಯಿಯಾದರೆ, ಅಲ್ಲಿ ಯಾರ ಇಷ್ಟ, ಯಾರ ತಲೆ? ಟ್ಯಾಂಕ್ ಮೇಲೆ ಕೂತ ಮಗುವನ್ನಂತೂ ಯಾರೂ ಕೇಳಿರುವುದಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್, ಸವಾರರಿಗೆ ಸೇರಿಸಿ ಕಟ್ಟುವ ಬೆಲ್ಟು, 40 ಕಿಲೋಮೀಟರ್ ವೇಗದ ಮಿತಿ ಇವೆಲ್ಲ ಕೇಂದ್ರದ ನಿಯಮದಲ್ಲಿವೆ. ಇದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ.

ಪೇಟ ಕಟ್ಟುವ ಸಿಖ್ಖರಿಗೆ ವಿನಾಯಿತಿ ಇದೆಯಲ್ಲ ಅಂತ ಕೇಳಬಹುದು. ಇದೆ, 129ನೇ ಕಲಮಿನಲ್ಲೇ ಇದೆ. ಧರ್ಮದ ಆಚರಣೆಗೂ, ಬೇಸಿಗೆಯ ಸೆಕೆಗೆ ಹೆಲ್ಮೆಟ್ ಬೇಡ ಅನ್ನುವುದಕ್ಕೂ ಒಂದೇ ತೂಕ ಕೊಡುವುದು ನನ್ನ ಮಟ್ಟಿಗೆ ಸರಿಯಲ್ಲ.

ನಿಮ್ಮ ಸಿಟ್ಟಿನಲ್ಲಿ ನನಗೆ ನ್ಯಾಯ ಕಾಣುವುದು ಇನ್ನೊಂದು ಕಡೆ. ದಂಡ ಕೇಳುವ ಸರ್ಕಾರವೇ ಗುಂಡಿ ಮುಚ್ಚಬೇಕು, ಬಣ್ಣ ಬಳಿಯದ ಹಂಪ್‌ಗಳನ್ನು ಸರಿಮಾಡಬೇಕು, ಬೀದಿದೀಪ ಉರಿಸಬೇಕು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದಕ್ಕೆ 2021ರ ಜೂನ್ 1ರಿಂದ ದೇಶದಲ್ಲೇ ಅವಕಾಶವಿಲ್ಲ. ಆದರೂ ಹೆದ್ದಾರಿ ಪಕ್ಕದಲ್ಲಿ ಟಾರ್ಪಾಲು ಹಾಸಿ, ಒಳಗೆ ತೆಳು ಸ್ಪಂಜು ಅಂಟಿಸಿದ ಪ್ಲಾಸ್ಟಿಕ್ ಚಿಪ್ಪುಗಳನ್ನು ಮಾರುತ್ತಲೇ ಇದ್ದಾರೆ. ಅದನ್ನು ತಲೆಗಿಟ್ಟುಕೊಂಡು ಹೋಗುವ ಬಡವರು ಸಿಗ್ನಲ್‌ನಲ್ಲಿ ಪಾರಾಗುತ್ತಾರೆ, ರಸ್ತೆಗೆ ಬಿದ್ದರೆ ಪಾರಾಗುವುದಿಲ್ಲ. ಒಳ್ಳೆಯ ಹೆಲ್ಮೆಟ್ ಕಡಿಮೆ ಬೆಲೆಗೆ ಸಿಗುವ ಹಾಗೆ ಮಾಡಿ, ಕಳಪೆಯದನ್ನು ತಯಾರಿಸುವ ಕಡೆಯೇ ಹೋಗಿ ನಿಲ್ಲಿಸಿ, ಗುಂಡಿಗೆ ಬಿದ್ದು ಸತ್ತರೆ ರಸ್ತೆಯ ಹೊಣೆ ಹೊತ್ತ ಇಂಜಿನಿಯರ್ ಉತ್ತರ ಕೊಡುವಂತೆ ಮಾಡಿ ಅಂತ ಕೇಳಿದರೆ ಅದು ನಿಜವಾದ ಹಕ್ಕಿನ ಮಾತು. ಅಂಥದ್ದೊಂದು ಅರ್ಜಿ ಬರೆಯುವುದಾದರೆ ಹೇಳಿ, ನಾನೂ ಸಹಿ ಹಾಕುತ್ತೇನೆ, ನನಗೆ ಪರಿಚಯವಿರುವ ಮನೆಗಳವರಿಂದಲೂ ಹಾಕಿಸುತ್ತೇನೆ.