ಬಬಲ್ ಒಡಿಯೂ ಮುಂಚೆ ಶೇರ್ ಯಾವಾಗ ಮಾರಬೇಕ್ರಿ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾನು ತಿಕೋಟಾ ಕಡೆಯವ, ದ್ರಾಕ್ಷಿ ತ್ವಾಟ ಐತ್ರಿ. 2020ರ ಲಾಕ್‌ಡೌನ್‌ನ್ಯಾಗ ನಮ್ಮ ಅಳಿಯ ಹೇಳಿದ ಅಂತ 6 ಲಕ್ಷ ಶೇರಿಗೆ ಹಾಕಿದ್ದೆ, ಈಗ 18 ಲಕ್ಷ ಆಗ್ಯಾವ. ಅದರಾಗ 12 ಲಕ್ಷ ಬರೇ ಎರಡು ಸಣ್ಣ ಕಂಪನಿದಾಗ ಅದಾವ. ಒಬ್ಬವ ಬಬಲ್ ಒಡೀತೈತಿ, ಗುಳ್ಳಿಗತೆ ಉಬ್ಬಿದ ರೇಟ್ ಒಮ್ಮೆಗೇ ಬೀಳ್ತೈತಿ ಅಂತಾನ, ಇನ್ನೊಬ್ಬವ ಇನ್ನಾ ಡಬಲ್ ಆಗ್ತೈತಿ ಅಂತಾನ. ಮುಂದಿನ ವರ್ಷ ಸಣ್ಣ ಮಗಳ ಮದುವಿ ಐತಿ, 6 ಲಕ್ಷರ ಬೇಕಾಗ್ತೈತಿ. ಕರೆಕ್ಟ್ ಟೈಮ್ ಹೇಳ್ರಿ.

ಉತ್ತರ: ಅಣ್ಣಾರ, ಆ ಕರೆಕ್ಟ್ ಟೈಮ್ ಯಾರಿಗೂ ಸಿಕ್ಕಿಲ್ರಿ. ಅಮೆರಿಕಾದ ಸೆಂಟ್ರಲ್ ಬ್ಯಾಂಕ್ ನಡಸ್ತಿದ್ದ ಅಲನ್ ಗ್ರೀನ್‌ಸ್ಪ್ಯಾನ್ 1996ರ ಡಿಸೆಂಬರ್‌ದಾಗs ಮಾರ್ಕೆಟ್ ಹುಚ್ಚೆದ್ದೈತೇನೋ ಅಂತ ಅನುಮಾನ ಪಟ್ಟಿದ್ದ, ಅವಾಗ ಅಲ್ಲಿ ಟೆಕ್ ಕಂಪನಿಗಳೇ ಹೆಚ್ಚಿರೂ ಶೇರ್ ಸೂಚ್ಯಂಕ ನಾಸ್ಡಾಕ್ 1,300ರ ಆಸುಪಾಸು ಇತ್ತು. ಅವನ ಮಾತು ಕೇಳಿ ಮಾರಿದವ್ರು ಮೂರು ವರ್ಷಕ್ಕಿಂತ ಹೆಚ್ಚು ಕೈ ಕೈ ಹಿಚಿಕ್ಕೊಂಡ್ರು, ಯಾಕಂದ್ರ 2000ದ ಮಾರ್ಚ್‌ನ್ಯಾಗ ಅದು 5,000 ದಾಟ್ತು. 2002ರ ಅಕ್ಟೋಬರ್‌ಕ್ಕ ಮತ್ತ 1,114ಕ್ಕ ಬಂತು, ಅಂದ್ರ ಅಂವ ಹೇಳಿದ ದಿನಕ್ಕಿಂತಾ ಕೆಳಗ. ಹೇಳಿದ್ದು ಖರೇನs ಆತು, ಆದ್ರ ತಾರೀಖು ಅವಗೂ ಗೊತ್ತಿರಲಿಲ್ಲ.

ಅದಕ್ಕ ಒಡಿಯೂ ದಿನಾ ಹುಡುಕಬ್ಯಾಡ್ರಿ, ನಿಮಗ ರೊಕ್ಕ ಬೇಕಾಗೂ ದಿನಾ ನೋಡ್ರಿ, ಅದು ಗೊತ್ತೈತಲ್ಲ. ಮದುವಿ 6 ಲಕ್ಷ ಈಗಿಂದನs ತಗೀರಿ, ಅದೂ ಆ ಎರಡು ಸಣ್ಣ ಕಂಪನಿದಾಗಿಂದನs, ತಗದು ಬ್ಯಾಂಕಿನ್ಯಾಗ ಎಫ್‌ಡಿ ಇಡ್ರಿ. ಆಮ್ಯಾಲ ರೇಟ್ ಏರಿತು ಅಂತ ಹೊಟ್ಟಿ ಉರದ್ರ ಉರೀಲಿ ಬಿಡ್ರಿ, ಮಂಗಲ ಕಾರ್ಯಾಲಯದವ ನಿಫ್ಟಿ ಏರೂ ತನಕಾ ಕಾಯಂಗಿಲ್ಲ.

ಸಣ್ಣ ಕಂಪನಿದಾಗಿಂದನs ಯಾಕ ಅಂದ್ರ, ನಾ ಒಮ್ಮೆ ಸಿಗಬಿದ್ದೇನ್ರಿ. 2008ರ ಜನವರಿದಾಗ ಸೆನ್ಸೆಕ್ಸ್ 21,000 ಮುಟ್ಟಿ ಬೀಳಾಕ ಶುರು ಆತು, ನಮ್ಮ ವಿಜಯಪುರಕ್ಕ ಅವಾಗ ಇನ್ನಾ ಬಿಜಾಪುರ ಅಂತಿದ್ರು. ಬ್ರೋಕರ್ ಆಫೀಸಿನ್ಯಾಗ ಕುಂತು ನನ್ನ ಸಣ್ಣ ಕಂಪನಿ ಶೇರ್ ಮಾರಾಕ ಹಾಕಿದೆ, ಸ್ಕ್ರೀನ್ ಮ್ಯಾಲ ಮಾರಾವ್ರ ಕಡೆ ಲಕ್ಷಗಟ್ಲೆ ಶೇರು, ತಗೊಳ್ಳಾವ್ರ ಕಡೆ ಸೊನ್ನಿ. ಇದಕ್ಕ ಲೋವರ್ ಸರ್ಕ್ಯೂಟ್ ಅಂತಾರ, ಅಂದ್ರ ಒಂದು ದಿನಕ್ಕ ಇಷ್ಟs ಇಳೀಬೇಕು ಅನ್ನೂ ಮಿತಿ ಮುಟ್ಟಿತ್ತು. ಮರುದಿನ ಮುಂಜಾನೆ ಹೋದೆ, ಮತ್ತ ಸೊನ್ನಿ, ಚಹಾ ಆರಿ ಹೋತು. ಆ ಅಕ್ಟೋಬರ್‌ದಾಗ ಸೆನ್ಸೆಕ್ಸ್ 8,000ಕ್ಕಿಂತ ಕೆಳಗೂ ಇಳದು ಬಂತು. ಸ್ಟಾಪ್‌ಲಾಸ್, ಅಂದ್ರ ರೇಟ್ ಇಷ್ಟಕ್ಕ ಇಳದ್ರ ತಾನs ಮಾರು ಅನ್ನೂ ಆರ್ಡರ್, ಹಾಕೇನಿ ಕಾಯ್ತೈತಿ ಅಂತ ಮಂದಿ ಅಂತಾರ, ತಗೊಳ್ಳಾವನs ಇಲ್ದಾಗ ಅದರ ಏನ್ ಮಾಡೀತ್ರಿ?

ಉಳದದ್ದು ನೀವು ನಿಮ್ಮ ಮನೂಕ (ಒಣದ್ರಾಕ್ಷಿ) ಹೆಂಗ ಮಾರ್ತೀರಿ ಹಂಗs. ಕೋಲ್ಡ್ ಸ್ಟೋರೇಜ್‌ನ್ಯಾಗಿನ ಎಲ್ಲಾ ಬಾಕ್ಸ್ ಒಂದs ದಿನ ಸವಾಲಿಗೆ (ಹರಾಜಿಗೆ) ಇಳಸ್ತೀರೇನು? ಔಷಧ ಅಂಗಡಿ ಬಾಕಿ, ಕೂಲಿ ಕೊಡಾಕಂತ ಒಂದಿಷ್ಟು ಮಾರ್ತೀರಿ, ಮಿಕ್ಕಿದ್ದು ರೇಟ್ ನೋಡ್ಕೋತ. ಇಲ್ಲೂ ಸಣ್ಣ ಕಂಪನಿದಾಗ ಉಳಿಯೂ 6 ಲಕ್ಷ ನಾಕು ಪಾಲು ಮಾಡಿ, ಮೂರು ತಿಂಗಳಿಗೊಂದು ಪಾಲು ತಾರೀಖು ಬರದಿಟ್ಟು ಮಾರ್ರಿ. ಆ ದಿನಾ ಟಿವಿದಾಗ ಯಾರು ಏನs ಒದರಲಿ, ಮಾರೂದು ಮಾರೂದು. ಉಳಿದ ದೊಡ್ಡ ಕಂಪನಿ 6 ಲಕ್ಷಕ್ಕ ಐದಾರು ವರ್ಷ ಅವಸರಾ ಇಲ್ಲಂದ್ರ ಅದನ್ನ ಮುಟ್ಟಬ್ಯಾಡ್ರಿ, ಅರ್ಧಾ ಆದ್ರೂ ನಿದ್ದಿ ಬರ್ತೈತಿ ಅನ್ನೂದಿದ್ರ ಅಷ್ಟs.

ಟ್ಯಾಕ್ಸ್ ವಿಚಾರ. ಒಂದು ವರ್ಷ ದಾಟಿದ ಶೇರಿನ ಲಾಭಕ್ಕ 2024ರ ಜುಲೈ 23ರಿಂದ ವರ್ಷಕ್ಕ 1.25 ಲಕ್ಷದ ಮ್ಯಾಲ 12.5 ಪರ್ಸೆಂಟ್. ಮದುವಿಗೆ ತಗಿಯೂ 6 ಲಕ್ಷದಾಗ ಅಸಲು 2 ಲಕ್ಷ, ಲಾಭ 4 ಲಕ್ಷ ಅಂತ ಹಿಡದ್ರ, ಬರೇ ಅಷ್ಟs ಲೆಕ್ಕಕ್ಕ ತಗೊಂಡ್ರ, ಒಮ್ಮೆಗೇ ಮಾರಿದ್ರ ಸುಮಾರು 34 ಸಾವಿರ, ಅರ್ಧಾ ಮಾರ್ಚ್‌ನ್ಯಾಗ ಅರ್ಧಾ ಏಪ್ರಿಲ್‌ದಾಗ ಮಾರಿದ್ರ ಎರಡು ಟ್ಯಾಕ್ಸ್ ವರ್ಷ ಆಗಿ 19 ಸಾವಿರದ ಒಳಗ, ಟ್ಯಾಕ್ಸ್ ಮ್ಯಾಲ ಬೀಳೂ ಸೆಸ್ ಬ್ಯಾರೆ. ಆದ್ರ ಈ 15 ಸಾವಿರ ಉಳಸಾಕ ಅಂತ ಆರು ತಿಂಗಳು ಮಾತ್ರ ಕಾಯಬ್ಯಾಡ್ರಿ.

ಮಾರೂ ಮೊದಲು ಆ ಎರಡು ಕಂಪನಿದು ದಿನಕ್ಕ ಎಷ್ಟು ಶೇರ್ ವ್ಯಾಪಾರ ಆಗ್ತಾವ ಅಂತ ಆ್ಯಪ್‌ನ್ಯಾಗ ವಾಲ್ಯೂಮ್ ನೋಡ್ರಿ. ನಿಮ್ಮವು ಅದರಾಗ ದೊಡ್ಡ ಪಾಲು ಆಗೂಹಂಗಿದ್ರ ಸಿಕ್ಕ ರೇಟಿಗೆ ಮಾರೂ ಮಾರ್ಕೆಟ್ ಆರ್ಡರ್ ಹಾಕಬ್ಯಾಡ್ರಿ, ಇಷ್ಟಕ್ಕಿಂತ ಕೆಳಗ ಮಾರಬ್ಯಾಡ ಅನ್ನೂ ಲಿಮಿಟ್ ಆರ್ಡರ್ ಹಾಕಿ ನಾಕೈದು ದಿನಾ ಸ್ವಲ್ಪ ಸ್ವಲ್ಪ ಬಿಡ್ರಿ.