ಆಟದ ನಡುವೆ ಕುಸಿದುಬಿದ್ದರೆ

ಪ್ರಶ್ನೆ: 2021ರ ಯೂರೋ ಕಪ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಯಾರೂ ತಾಗದೆಯೇ ಕುಸಿದುಬಿದ್ದರು, ಮರುವರ್ಷವೇ ಮತ್ತೆ ಆಡಿದರು. ಅದು ಹೇಗೆ? ನಮ್ಮೂರ ಕಬಡ್ಡಿಯಲ್ಲಿ ಹೀಗಾದರೆ ಏನು ಮಾಡಬೇಕು?
– ಓದುಗರೊಬ್ಬರು, ಅಂಕೋಲಾ

ಉತ್ತರ: ಅವರಿಗೆ ಆದದ್ದು ಹೃದಯಸ್ತಂಭನ. ರಕ್ತನಾಳ ಕಟ್ಟಿಕೊಳ್ಳುವ ಹೃದಯಾಘಾತವೇ ಇದಕ್ಕೆ ಕಾರಣವಾಗಬೇಕೆಂದಿಲ್ಲ. ಹೃದಯದ ವಿದ್ಯುತ್ ಲಯ ತಪ್ಪಿದರೆ ಅದು ಬಡಿಯುವ ಬದಲು ಬರೀ ನಡುಗುತ್ತದೆ, ರಕ್ತ ಹರಿಯುವುದಿಲ್ಲ. ಎಳೆಯ ಆಟಗಾರರಲ್ಲಿ ಹುಟ್ಟಿನಿಂದ ಬಂದ ಹೃದಯದ ಸ್ನಾಯು ಅಥವಾ ಲಯದ ದೋಷ ಹಲವು ಬಾರಿ ಹಿಂದಿರುತ್ತದೆ.

ಬಿದ್ದವನು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಸ್ತಂಭನವೆಂದೇ ತಿಳಿಯಿರಿ. ಎಡವುವುದು ಇಲ್ಲೇ: ಆಗೊಮ್ಮೆ ಈಗೊಮ್ಮೆ ಬರುವ ಗೊರಕೆಯಂಥ ಏದುಸಿರನ್ನು ‘ಉಸಿರಿದೆ’ ಎಂದುಕೊಳ್ಳುತ್ತಾರೆ, ಕೈಕಾಲು ಅದುರಿದರೆ ಅಪಸ್ಮಾರವೆಂದು ಕಬ್ಬಿಣ ಹಿಡಿಸುತ್ತಾರೆ. ಬಾಯಿಗೆ ನೀರು ಹಾಕುವುದಂತೂ ಬೇಡವೇ ಬೇಡ.

ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುಮೂಳೆಯ ಕೆಳ ಅರ್ಧಕ್ಕೆ ಅಂಗೈ ಬುಡವಿಟ್ಟು, ಮೊಣಕೈ ಮಡಿಸದೆ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಬಾರಿ ಒತ್ತಲಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಬೇಕು. ದಣಿದರೆ ಒತ್ತು ಆಳಕ್ಕಿಳಿಯುವುದಿಲ್ಲ, ಹಾಗಾಗಿ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ. ಎದೆಗೆ ಶಾಕ್ ಕೊಟ್ಟು ಲಯ ಮರಳಿಸುವ ಎಇಡಿ ಯಂತ್ರ ಸಿಕ್ಕರೆ, ನಮ್ಮ ಕರಾವಳಿಯ ಬೆವರನ್ನು ಒರೆಸಿಯೇ ಪ್ಯಾಡ್ ಅಂಟಿಸಿ. ಒದ್ದೆ ಮೈಗೆ ಅದು ನಿಲ್ಲದು.

ಎರಿಕ್ಸನ್‌ಗೆ ಮೈದಾನದಲ್ಲೇ ಎದೆ ಒತ್ತಿ, ಶಾಕ್ ಕೊಟ್ಟರು. ಬಳಿಕ ಲಯ ತಪ್ಪಿದರೆ ತಾನೇ ಶಾಕ್ ಕೊಡುವ ಐಸಿಡಿ ಸಾಧನ ಅಳವಡಿಸಲಾಯಿತು. ಅದಿಟ್ಟುಕೊಂಡು, ಅವರು ಆಗ ಆಡುತ್ತಿದ್ದ ಇಟಲಿಯಲ್ಲಿ ಆಡಲು ನಿಯಮ ಅಡ್ಡಬಂತು, ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ ಸೇರಿದರು.

ಓಡುವಾಗ ತಲೆಸುತ್ತಿ ಬಿದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಕಂಡವರು ಹೃದ್ರೋಗ ತಜ್ಞರಲ್ಲಿ ಇಸಿಜಿ, ಎಕೋ ಮಾಡಿಸದೆ ಅಂಕಣಕ್ಕಿಳಿಯಬಾರದು.